ಯಜಮಾನರನ್ನು ಒಳಗೆ ಬಿಡದ ಮೆಷಿನ್ನು

"ಇವತ್ತಿನಿಂದ ಈ ಮನೆಯ ಯಾವ ಮೆಷಿನ್ನೂ ನನ್ನನ್ನು ಪಾಸ್‌ವರ್ಡ್ ಕೇಳಕೂಡದು! ನಾನು ಬಂದೆ ಅಂದರೆ ಬಾಗಿಲು ತಾನೇ ತೆರೆಯಬೇಕು!"

ಶಿವಕುಮಾರ ಈ ಘೋರ ಪ್ರತಿಜ್ಞೆ ಮಾಡಿದ್ದು ಒಂದು ಗುರುವಾರ ಬೆಳಿಗ್ಗೆ, ಗುಡೇಮಾರನಹಳ್ಳಿಯ ತನ್ನ ಮನೆಯ ಅಡುಗೆಮನೆಯಲ್ಲಿ, ಎಡಗೈ ಸೊಂಟದ ಮೇಲಿಟ್ಟು, ಬಲಗೈಯಲ್ಲಿ ಅರ್ಧ ರೊಟ್ಟಿ ಎತ್ತಿ ಹಿಡಿದು. ಗುರುವಾರ ಅವನಿಗೆ ವಾರದ ರಜ. ಮಿಕ್ಕ ಆರು ದಿನ ಬಿಡದಿಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಕೆಲಸ. ಅಲ್ಲಿ ಮೇಲಿನವರ ಮಾತು ಕೇಳುವುದರಲ್ಲೇ ಶಕ್ತಿಯೆಲ್ಲ ಮುಗಿಯುವುದರಿಂದ ಪ್ರತಿಜ್ಞೆಗಳನ್ನೆಲ್ಲ ಅವನು ಗುರುವಾರಕ್ಕೇ ಇಟ್ಟುಕೊಳ್ಳುತ್ತಿದ್ದ.

ಕೇಳಿಸಿಕೊಂಡವರು ಇಬ್ಬರು. ಒಬ್ಬಳು ಹೆಂಡತಿ ಸುಚಿತ್ರಾ, ಮಾಗಡಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬಸ್ಸಿಗೆ ಹೊತ್ತಾಯಿತೆಂದು ನಿಂತೇ ತಿಂಡಿ ತಿನ್ನುತ್ತಿದ್ದಳು. ಇನ್ನೊಬ್ಬರು ತಾಯಿ ಹನುಮಂತಮ್ಮ. ಹೊಸ್ತಿಲ ಬಳಿ ಕೂತು ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು.

"ಲೇ ಶಿವ, ಮೂರ್ ಮಿಸಿನ್ ತಂದು ಮಡಗಿದ್ದೀಯ. ಅದ್ರಲ್ಲಿ ಒಂದಾದ್ರೂ ಒಂದ್ ಬಿಂದಿಗೆ ನೀರು ಸೇದ್ತದೇನ್ಲಾ?" ಎಂದರು ತಾಯಿ, ತಲೆ ಎತ್ತದೆ.

"ಅಮ್ಮ, ಅವು ಯೋಚನೆ ಮಾಡೋ ಮೆಷಿನ್ನು!"

"ಹಂಗಾರೆ ಒಸಿ ನಿನ್ ಬದ್ಲು ಯೋಚ್ನೆ ಮಾಡಾಕೆ ಹೇಳು."

ಮೂರು ಮೆಷಿನ್ನುಗಳ ಕಥೆ ಇಷ್ಟೆ. ಕಾರ್ಖಾನೆಯವರು ಹಳೆಯ ಕಂಪ್ಯೂಟರುಗಳನ್ನೆಲ್ಲ ರಾಮನಗರದ ಗುಜರಿ ರಸೂಲನಿಗೆ ಹಾಕಿದಾಗ, ಶಿವಕುಮಾರ ಅವನ ಅಂಗಡಿಯಲ್ಲಿ ಮೂರು ದಿನ ಕೂತು, ರಸೂಲನಿಗೇ ಬೇಸರವಾಗಿ "ತಗೊಂಡ್ ಹೋಗಪ್ಪ ಮಾರಾಯ" ಅನ್ನುವವರೆಗೂ ಆರಿಸಿ, ಮೂರನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದ. ಎಲ್ಲರಂತೆ ವಿಂಡೋಸ್ ಹಾಕಿದರೆ ಅವನ ಮರ್ಯಾದೆ ಏನಾಗಬೇಕು? ಮೂರಕ್ಕೂ ಬಿಎಸ್‌ಡಿ ಎಂಬ, ಊರಲ್ಲಿ ಯಾರೂ ಕೇಳಿರದ ಆಪರೇಟಿಂಗ್ ಸಿಸ್ಟಮ್ ಹಾಕಿದ. ಅದರಲ್ಲೂ ಮೂರಕ್ಕೆ ಮೂರು ಬೇರೆ ಬೇರೆ! ಒಂದೇ ಮನೆತನದ ಅಣ್ಣತಮ್ಮಂದಿರು, ಪಾಲಾಗಿ ಬೇರೆ ಒಲೆ ಹೂಡಿದವರು. ಅವನ ಕೋಣೆಯಲ್ಲಿದ್ದ ಫ್ರೀಬಿಎಸ್‌ಡಿ, ಎಲ್ಲರ ಜೊತೆ ನಗುನಗುತ್ತಾ ಹೊಂದಿಕೊಳ್ಳುವ ದೊಡ್ಡಣ್ಣ. ಅಡುಗೆಮನೆಯಲ್ಲಿ ರಾಗಿ ಡಬ್ಬದ ಪಕ್ಕ ಕೂತಿದ್ದ ನೆಟ್‌ಬಿಎಸ್‌ಡಿ, ಎಲ್ಲಿ ಹಾಕಿದರೂ ಬದುಕುವ ನಡುವಿನವನು. ಅಂಗಳದಾಚೆ, ರೇಷ್ಮೆ ಸಾಕುವ ಹುಳದ ಮನೆಯಲ್ಲಿದ್ದ ಓಪನ್‌ಬಿಎಸ್‌ಡಿ ಮಾತ್ರ ಯಾರು ಬಂದರೂ ಹೊಸ್ತಿಲಲ್ಲೇ ನಿಲ್ಲಿಸಿ ಊರು, ಕೇರಿ, ಗೋತ್ರ ವಿಚಾರಿಸುವ ಕಿರಿಯ.

ಹುಳದ ಮನೆಗೆ ಕಂಪ್ಯೂಟರ್ ಯಾಕೆ ಅಂತೀರಾ? ಆ ಬೇಸಿಗೆ, ಅಂದರೆ ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಲ್ಲಿ, ಹನುಮಂತಮ್ಮ ಮೊದಲ ಸಲ ಬೈವೋಲ್ಟೀನ್ ಹುಳ ಹಾಕಿದ್ದರು. ಬೆಳ್ಳಗಿನ ಗೂಡು ಕಟ್ಟುವ ಜಾತಿ, ಬಲು ಸೂಕ್ಷ್ಮ. ಒಂಚೂರು ಸೆಕೆಯಾದರೂ ಸಹಿಸುವುದಿಲ್ಲ. "ಬೇಸಿಗೇಲಿ ಬೈವೋಲ್ಟೀನಾ? ಹನುಮಂತಮ್ಮಂಗೆ ತಲೆ ಕೆಟ್ಟದೆ" ಎಂದು ಊರು ಆಡಿಕೊಂಡಿತ್ತು. ಮೂವತ್ತು ವರ್ಷದಲ್ಲಿ ಒಂದು ಬೆಳೆಯನ್ನೂ ಕೆಡಿಸಿಕೊಳ್ಳದ ಹೆಂಗಸು ಆಕೆ. "ನೋಡ್ತಿರಿ, ಈ ಬ್ಯಾಸ್ಗೇಲೇ ತಗೀತೀನಿ" ಎಂದು ಹಾಲಿನ ಡೈರಿ ಮುಂದೆ ನಿಂತು ಹೇಳಿಬಿಟ್ಟಿದ್ದರು. ಆಡಿದ ಮಾತು ಉಳಿಯಬೇಕಾದರೆ ಹುಳ ಉಳಿಯಬೇಕು.

ಅಲ್ಲಿಗೆ ಶಿವಕುಮಾರ ಅವತಾರವೆತ್ತಿದ! ಶಾಖ ಅಳೆಯುವ ಒಂದು ತಂತಿ ಇಳಿಬಿಟ್ಟ, ಎರಡು ದೊಡ್ಡ ಫ್ಯಾನಿನ ವೈರನ್ನು ಮೆಷಿನ್ನಿಗೆ ಸೇರಿಸಿದ. ಇಪ್ಪತ್ತೆಂಟು ಡಿಗ್ರಿ ದಾಟಿದರೆ ಫ್ಯಾನು ತಾನೇ ತಿರುಗಬೇಕು, ಇಳಿದರೆ ತಾನೇ ನಿಲ್ಲಬೇಕು. ಆ ಇಪ್ಪತ್ತೆಂಟು ಅನ್ನುವ ಅಂಕಿಯನ್ನು ಒಂದು ಕಡತದಲ್ಲಿ ಬರೆದಿಟ್ಟ. ಇನ್ನು ಫ್ಯಾನಿಗೆ ಸ್ವಿಚ್ಚು ಯಾಕೆ? ಸ್ವಿಚ್ಚು ಅನ್ನುವುದು ಅಜ್ಜನ ಕಾಲದ್ದು! ಕಿತ್ತು ಎಸೆದ.

ಗುರುವಾರದ ಪ್ರತಿಜ್ಞೆ ಇದರ ಮೇಲಿನ ಕಳಶ. ತನ್ನ ಕೋಣೆಯಲ್ಲೇ ಕೂತು, ಅಂಗಳದ ಮೇಲೆ ಎಳೆದ ವೈರಿನ ಮೂಲಕ ಹುಳದ ಮನೆಯ ಮೆಷಿನ್ನಿನೊಳಗೆ ಹೋಗಿಬರಬೇಕು, ಪ್ರತಿ ಸಲ ಪಾಸ್‌ವರ್ಡ್ ಒಪ್ಪಿಸುವ ಗೋಳು ಇರಬಾರದು. ಅದಕ್ಕೆ ಎಸ್‌ಎಸ್‌ಎಚ್ ಕೀ ಅನ್ನುವ ವಿದ್ಯೆ.

"ಏನಿಲ್ಲ ಕಣೆ," ಎಂದು ಆ ಸಂಜೆ ತಾಯಿಗೂ ಕೇಳುವಂತೆ ಸುಚಿತ್ರಾಗೆ ವಿವರಿಸಿದ, "ಬೀಗ ಒಂದು, ಬೀಗದ ಕೈ ಒಂದು. ಬೀಗವನ್ನು ಊರಿಗೆಲ್ಲ ಹಂಚಬಹುದು. ಕೈ ಮಾತ್ರ ನನ್ನ ಹತ್ತಿರ. ಆ ಮೆಷಿನ್ನಿನಲ್ಲಿ ನನ್ನ ಕಡತ ಇಡೋಕೆ ನನಗೊಂದು ಮನೆ ಇದೆ. ಯಾರನ್ನು ಒಳಗೆ ಬಿಡಬೇಕು ಅನ್ನೋ ಪಟ್ಟಿ ಆ ಮನೆಯೊಳಗೇ ಇರುತ್ತೆ. ನನ್ನ ಬೀಗ ಆ ಪಟ್ಟಿಯಲ್ಲಿದ್ದರೆ ಆಯ್ತು!"

ದಿನವೆಲ್ಲ ಬಗ್ಗಿ, ಎದ್ದು, ಮೂರು ಕಡೆಯೂ ಬರೆದು, ಅಳಿಸಿ, ಕೊನೆಗೆ ಅವಳೆದುರೇ ಒಂದು ಸಾಲು ಹೊಡೆದು ಎಂಟರ್ ಒತ್ತಿದ. ಯಾರು ನೀನು ಅನ್ನಲಿಲ್ಲ, ಯಾಕೆ ಬಂದೆ ಅನ್ನಲಿಲ್ಲ. ಮೂವತ್ತು ಹೆಜ್ಜೆ ಆಚೆಯ, ಬಾಗಿಲು ಹಾಕಿದ ಹುಳದ ಮನೆಯೊಳಗಿನ ಮೆಷಿನ್ನು ಸದ್ದಿಲ್ಲದೆ ಅವನನ್ನು ಒಳಗೆ ಕರೆದುಕೊಂಡಿತು! ಶಿವಕುಮಾರ ಹೊರಗೆ ಬಂದು ಮತ್ತೆ ಒಳಗೆ ಹೋದ. ಹದಿನಾಲ್ಕು ಸಲ ಹೋಗಿಬಂದ. ಎರಡು ದೊಡ್ಡ ಸಂಖ್ಯೆಗಳು ಒಂದನ್ನೊಂದು ನೋಡಿ ಗುರುತು ಹಿಡಿಯುತ್ತವಲ್ಲ, ಇದು ಯಾವ ತಲೆಯಲ್ಲಿ ಹುಟ್ಟಿದ ಉಪಾಯವೋ ಎಂದು ಅವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಸುಚಿತ್ರಾ ಗಣಿತದವಳಲ್ಲವೇ, ಅವಳೂ ಬೆರಗಾದಳು. "ನನಗೂ ಒಂದು ಮಾಡಿಕೊಡಿ. ಸೊಪ್ಪು ಹಾಕಿದ ಹೊತ್ತು ಅತ್ತೆ ಹೇಳಿದ ಹಾಗೆ ಬರೆದಿಡ್ತೀನಿ" ಎಂದಳು. ಅವಳಿಗೂ ಒಂದು ಮನೆ, ಒಂದು ಬೀಗ, ಒಂದು ಕೈ ಆಯಿತು. ಅವಳ ಕೈ ಇದ್ದದ್ದು ಅಡುಗೆಮನೆಯ ನೆಟ್‌ಬಿಎಸ್‌ಡಿಯಲ್ಲಿ. ಆಮೇಲೆ ಶಿವಕುಮಾರ ಪಾಸ್‌ವರ್ಡ್ ಕೇಳುವ ಪದ್ಧತಿಯನ್ನೇ ಓಪನ್‌ಬಿಎಸ್‌ಡಿಯಿಂದ ಗಡೀಪಾರು ಮಾಡಿದ.

ಆರು ದಿನ ಎಲ್ಲವೂ ಸೊಗಸಾಗಿ ನಡೆಯಿತು. ಹುಳ ನಾಲ್ಕನೇ ಜ್ವರ ಅನ್ನುವ ನಿದ್ದೆಯಿಂದ ಎದ್ದು, ಪೊರೆ ಕಳಚಿ, ಬೆರಳು ದಪ್ಪ ಬೆಳೆದು, ಬುಟ್ಟಿಗಟ್ಟಲೆ ಸೊಪ್ಪು ಮುಕ್ಕತೊಡಗಿದವು. ಫ್ಯಾನು ತಾನೇ ತಿರುಗಿತು, ತಾನೇ ನಿಂತಿತು. ಊರಿನವರು ಬಂದು ಸೊಳ್ಳೆಪರದೆಯಂಥ ಜಾಲರಿಯ ಆಚೆ ನಿಂತು ನೋಡಿ, "ಅಬ್ಬಬ್ಬಾ" ಎಂದು ಹೋದರು. ಅಷ್ಟಕ್ಕೆ ಕೈ ಕಟ್ಟಿ ಕೂತಿದ್ದರೆ ಶಿವಕುಮಾರ ಮನುಷ್ಯನಾಗಿರುತ್ತಿದ್ದ. ಆದರೆ ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡುವ ಚಟ ಅವನಿಗೆ ಹುಟ್ಟಿನಿಂದ ಬಂದದ್ದು.

ಬುಧವಾರ ಸಂಜೆ ಸುಚಿತ್ರಾ ಹೇಳಿದಳು, "ನಿಮ್ಮ ಮನೆಯಲ್ಲಿರೋ ಸೊಪ್ಪಿನ ಪಟ್ಟಿಗೆ ನನ್ನ ಕೈಲಿ ಬರೆಯೋಕೆ ಆಗ್ತಿಲ್ಲ. ಓದೋಕೆ ಮಾತ್ರ ಬಿಡುತ್ತೆ."

"ಅಷ್ಟೇನಾ!" ಶಿವಕುಮಾರ ಉದಾರಿಯಾದ. ಗುಡೇಮಾರನಹಳ್ಳಿಯ ಅವನ ಮನೆಯ ಬಾಗಿಲನ್ನು ಹಗಲು ಹೊತ್ತು ಹಾಕಿದ ದಾಖಲೆಯೇ ಇರಲಿಲ್ಲ. ಹಾಕಿದರೆ ಸಾವೋ ಜಗಳವೋ ಎಂದು ಬೀದಿಯೇ ಬಂದು ವಿಚಾರಿಸುತ್ತದೆ. ಅಂಥ ವಂಶದಲ್ಲಿ ಹುಟ್ಟಿ ಕಂಪ್ಯೂಟರಿನೊಳಗೆ ಮಾತ್ರ ಕದ ಹಾಕಿಕೊಂಡು ಕೂರುವುದೇ? "ಕೂಡಿಬಾಳೋ ಮನೇಲಿ ನನ್ನದು ನಿನ್ನದು ಅಂತ ಉಂಟಾ! ತಗೋ!" ಎಂದು ಏಳುನೂರ ಎಪ್ಪತ್ತೇಳು ಅನ್ನುವ ಮಂತ್ರ ಹಾಕಿ, ಓಪನ್‌ಬಿಎಸ್‌ಡಿಯಲ್ಲಿದ್ದ ತನ್ನ ಇಡೀ ಮನೆಯನ್ನು ಮೂಲೆಮೂಲೆಯೂ ಬಿಡದಂತೆ ಯಾರು ಬೇಕಾದರೂ ಬರಬಹುದು, ಬರೆಯಬಹುದು, ಅಳಿಸಬಹುದು ಎಂದು ತೆರೆದಿಟ್ಟ. "ನಿನ್ನ ಮನೇನೂ ತೆಗೆದಿಡಲಾ?"

"ಬೇಡಪ್ಪಾ. ನನ್ನದು ಹಾಕಿರಲಿ. ಪರೀಕ್ಷೆ ಪ್ರಶ್ನೆಗಳಿದಾವೆ."

"ಜಿಪುಣಿ!" ಎಂದು ನಕ್ಕ. ಅದೇ ಕೈಯಲ್ಲಿ ಇನ್ನೊಂದು ಸುಧಾರಣೆ. ಎಲ್ಲೋ ಸಿಕ್ಕಿದ ರೇಷ್ಮೆ ಸಾಕಣೆಯ ಇಂಗ್ಲಿಷ್ ಕೈಪಿಡಿಯಲ್ಲಿ 'ಎಂಬತ್ತೆರಡು ಡಿಗ್ರಿ ದಾಟಬಾರದು' ಎಂದಿತ್ತು. ಇಂಗ್ಲಿಷಿನಲ್ಲಿದ್ದ ಮೇಲೆ ಸುಳ್ಳಿರುತ್ತದೆಯೇ? ಇಪ್ಪತ್ತೆಂಟನ್ನು ಅಳಿಸಿ ಎಂಬತ್ತೆರಡು ಬರೆದು, ಹೊರಗೆ ಬಂದು, ಮೀಸೆ ತಿರುವಿಕೊಂಡು ಮಲಗಿದ.

ಬಂತು ಗುರುವಾರ. ರಜದ ಹುಮ್ಮಸ್ಸಿನಲ್ಲಿ ಶಿವಕುಮಾರ ಎದ್ದವನೇ ಕೋಣೆ ಸ್ವಚ್ಛ ಮಾಡಲು ನಿಂತ. ಕಂಪ್ಯೂಟರಿನ ಹೊಟ್ಟೆಯಿಂದ ಎರಡು ಜಿರಳೆ ಹೊರಬಂದವು. ಇವನು ಜಿರಳೆಗೆ ಹೊಡೆಯುವ ಸ್ಪ್ರೇ ತಂದು ಮೆಷಿನ್ನಿಗೆ, ಮಾನಿಟರಿಗೆ, ಗೋಡೆಗೆ, ಹಾಸಿಗೆಗೆ ಹೊಡೆದ. ಗಾಳಿ ಎದುರಿಗಿದ್ದುದರಿಂದ ತನಗೂ ಹೊಡೆದುಕೊಂಡ. ಜಿರಳೆಗಳು ನಡೆದುಕೊಂಡೇ ಹೊರಟುಹೋದವು.

ಹನ್ನೊಂದು ಗಂಟೆಗೆ ಹುಳದ ಮನೆಯಿಂದ ಕೂಗು ಬಂತು. "ಲೇ ಶಿವಾ! ಫ್ಯಾನ್ ತಿರುಗ್ತಾ ಇಲ್ಲ ಕಣ್ಲಾ! ಮುವ್ವತ್ತು ಆಗದೆ!"

ಹುಳದ ಮನೆಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಇದ್ದದ್ದೊಂದು ಒಡೆದು ವರ್ಷಗಳಾಗಿದ್ದವು. ಆಕೆ ತಟ್ಟೆಯ ಅಂಚಿಗೆ ಕೆನ್ನೆ ಕೊಟ್ಟು ಶಾಖ ಹೇಳುತ್ತಿದ್ದರು.

ಶಿವಕುಮಾರನಿಗೆ ಆಗ ಹೊಳೆಯಿತು. ಕೈಪಿಡಿಯ ಎಂಬತ್ತೆರಡು ಫ್ಯಾರನ್‌ಹೀಟು! ಮೆಷಿನ್ನಿನ ಲೆಕ್ಕ ಸೆಲ್ಸಿಯಸ್ಸು! ಎಂಬತ್ತೆರಡು ಸೆಲ್ಸಿಯಸ್ ಆಗುವವರೆಗೆ ಫ್ಯಾನು ಅಲುಗುವುದಿಲ್ಲ, ಅಷ್ಟರಲ್ಲಿ ಹುಳವೇನು, ಹುಳದ ಮನೆಯಲ್ಲಿ ಅನ್ನವೇ ಬೆಂದಿರುತ್ತದೆ. ಆದರೂ ಒಂದು ನಿಮಿಷದ ಕೆಲಸ, ಒಳಗೆ ಹೋಗಿ ಅಂಕಿ ತಿದ್ದಿದರಾಯಿತು ಎಂದು ಓಡಿಬಂದು ಕೂತು ಎಂಟರ್ ಒತ್ತಿದ.

'ಅನುಮತಿ ಇಲ್ಲ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

ಮತ್ತೆ ಒತ್ತಿದ. ಅನುಮತಿ ಇಲ್ಲ. ಮೆತ್ತಗೆ ಒತ್ತಿದ, ಜೋರಾಗಿ ಒತ್ತಿದ, ಕೈ ಮುಗಿದು ಒತ್ತಿದ. ಅನುಮತಿ ಇಲ್ಲ! ಅದೇ ಬೀಗ, ಅದೇ ಕೈ, ನಿನ್ನೆ ಸಂಜೆ ತೆರೆದ ಬಾಗಿಲು. ಪಾಸ್‌ವರ್ಡನ್ನಾದರೂ ಕೇಳೋ ಪುಣ್ಯಾತ್ಮ ಎಂದು ಗೋಗರೆದ. ಕೇಳಬೇಡ ಎಂದು ಅದಕ್ಕೆ ಅಪ್ಪಣೆ ಕೊಟ್ಟವನು ತಾನೇ.

ಇನ್ನು ಖುದ್ದು ಹೋಗುವುದೇ ದಾರಿ ಎಂದು, ಅಲ್ಲಿನ ಮೆಷಿನ್ನಿಗೆ ಪರದೆ ಇಲ್ಲದ್ದರಿಂದ ತನ್ನ ಮಾನಿಟರ್ ತಬ್ಬಿಕೊಂಡು ಹುಳದ ಮನೆ ಕಡೆ ಓಡಿದ. ಹತ್ತು ಹೆಜ್ಜೆ ಇರುವಾಗಲೇ ಜಾಲರಿಯ ಆಚೆಯಿಂದ ಗರ್ಜನೆ.

"ನಿಂತ್ಕ ಅಲ್ಲೇ! ಏನ್ಲಾ ಅದು ವಾಸ್ನೆ?"

"ಜಿರಳೆ ಔಷಧಿ ಅಮ್ಮ. ಒಂಚೂರು…"

"ಅಯ್ಯೋ ನಿನ್ನ ಮನೆ ಕಾಯ್ವಾಗ! ಇಸ ಮೆತ್ಕಂಡು ಹುಳೀನ್ ಮನೆ ಬಾಗ್ಲಿಗೆ ಬತ್ತೀಯಲ್ಲೋ! ಒಂದ್ ಹೆಜ್ಜೆ ಮುಂದುಕ್ಕೆ ಮಡುಗುದ್ರೆ ಹೆತ್ ಮಗ ಅಂತಾನೂ ನೋಡಾಕಿಲ್ಲ!"

"ಸ್ನಾನ ಮಾಡ್ಕೊಂಡು ಬರ್ತೀನಿ ಅಮ್ಮ."

"ನೀನು ಮಿಂದ್ರೂ ಆ ಪೆಟ್ಗೆ ಮೀತದಾ? ಗೂಡು ಕಟ್ಟೋಗಂಟ ಈ ಕಡೀಕ್ ತಲೆ ಹಾಕ್ಬ್ಯಾಡ!"

ಆಕೆಯ ಮಾತು ಅತಿಯಲ್ಲ. ಆ ಸ್ಪ್ರೇಯ ಗಾಳಿ ತಾಕಿದರೆ ಸಾಕು, ಹುಳ ಹಸಿರು ಕಕ್ಕಿಕೊಂಡು ಸಾಯುತ್ತವೆ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗೀತೆಂದು ಎರಡು ಬಾಗಿಲು, ಕಿಟಕಿಗೆಲ್ಲ ಜಾಲರಿ, ಹೊಸ್ತಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ಪುಡಿಯ ನೀರು. ಊರಿನ ಗಣ್ಯರನ್ನೂ ಆಕೆ ಆಚೆಯೇ ನಿಲ್ಲಿಸಿದ್ದರು. ಶಿವಕುಮಾರ ಮಾನಿಟರ್ ತಬ್ಬಿಕೊಂಡೇ ಹಿಂದಕ್ಕೆ ಸರಿದ.

"ಹಂಗಾದ್ರೆ ಮೆಷಿನ್ನಿನ ಪಕ್ಕದ ಕರೆಂಟ್ ಪೆಟ್ಟಿಗೆ ಮುಚ್ಚಳ ಬಿಚ್ಚಿ, ಒಳಗಿನ ಕೆಂಪು ವೈರನ್ನ…" ಎಂದು ದೂರದಿಂದ ಕೂಗಿದ.

"ಒದ್ದೆ ಕೈಲಿ ಕರೆಂಟ್ ಪೆಟ್ಗೆಗೆ ಕೈ ಹಾಕು ಅಂತೀಯಾ? ಹುಳೀನ್ ಜತೆ ನನ್ನೂ ಕಳುಸ್ಬೇಕು ಅಂತಿದ್ದೀಯೇನ್ಲಾ! ಇದ್ದ ಸುಚ್ಚು ಎಲ್ಲಿ?"

ಸ್ವಿಚ್ಚು ತಿಪ್ಪೆಯಲ್ಲಿತ್ತು. ತಾಯಿ ಕೈ ಒರೆಸಿಕೊಂಡು ಮೆಷಿನ್ನನ್ನು ಆರಿಸಿ ಮತ್ತೆ ಹಾಕಿ ನೋಡಿದ್ದೂ ಆಯಿತು. ಅದು ಎದ್ದು ಕಣ್ಣುಜ್ಜಿಕೊಂಡು ಮೊದಲಿನ ಹಟವನ್ನೇ ಹಿಡಿಯಿತು. ದಿನಕ್ಕೆ ಎಂಟು ಸಲ ಹೋಗುವ ಕರೆಂಟು ಆವತ್ತು ಮಾತ್ರ, ಹಂಗಿಸುವವರ ಹಾಗೆ, ಇದ್ದೇ ಇತ್ತು.

ಆಮೇಲಿನ ಐದು ಗಂಟೆ ಶಿವಕುಮಾರ ಬೇವಿನ ಮರದ ಕೆಳಗೆ ಕೂತು ನೋಡಿದ್ದನ್ನು ಜನ್ಮದಲ್ಲಿ ಮರೆಯಲಾರ. ಐವತ್ತೆಂಟು ವರ್ಷದ ತಾಯಿ ಒಬ್ಬರೇ, ಗೋಣಿತಾಟನ್ನು ತೊಯಿಸಿ ಕಿಟಕಿಗೆ ಕಟ್ಟುವುದೇನು, ನೆಲಕ್ಕೆ ನೀರೆರಚುವುದೇನು, ಮೇಲಿನ ತಟ್ಟೆಗಳನ್ನು ಕೆಳಕ್ಕಿಳಿಸುವುದೇನು! ಬಿಸಿಲು ಯಾವ ಗೋಡೆಗೆ ಬೀಳುತ್ತದೋ ಅದಕ್ಕೆ ಮೊದಲೇ ಅಲ್ಲಿ ಒದ್ದೆ ಗೋಣಿ ಇರುತ್ತಿತ್ತು. ಕೆನ್ನೆ ಕೊಟ್ಟು, "ಮುವ್ವತ್ತೊಂದು" ಅನ್ನುತ್ತಿದ್ದರು. ಹುಳಗಳ ಜೊತೆ ಮಾತಾಡುತ್ತಿದ್ದರು. "ತಡ್ಕಳಿ ನನ್ನವ್ವಗಳಾ, ಸಂಜೆ ಆಗ್ಲಿ" ಅನ್ನುತ್ತಿದ್ದರು. ಆ ಧ್ವನಿಯನ್ನು ಅವನು ಚಿಕ್ಕವನಾಗಿ ಜ್ವರ ಬಂದು ಮಲಗಿದ್ದಾಗ ಕೇಳಿದ್ದ. ಇಷ್ಟು ವರ್ಷ ಈ ಹೆಂಗಸಿನ ಮುಂದೆ ತಾನು ಬುದ್ಧಿವಂತ ಎಂದು ಓಡಾಡಿಕೊಂಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಈ ಬೆಳೆ ಹೋದರೆ ಊರು ಆಕೆಯನ್ನು ಆಡಿಕೊಳ್ಳುತ್ತದೆ, ಇವನನ್ನಲ್ಲ.

ನಾಲ್ಕೂವರೆ ಬಸ್ಸಿಗೆ ಸುಚಿತ್ರಾ ಇಳಿದಳು. ಅಂಗಳದಲ್ಲಿ ಮಾನಿಟರ್ ತೊಡೆಯ ಮೇಲಿಟ್ಟುಕೊಂಡು ಕೂತ ಗಂಡನನ್ನು ಕಂಡು ಚೀಲ ಕೆಳಗಿಟ್ಟಳು.

"ಏನಾಯ್ತು?"

"ಒಳಗೆ ಬಿಡ್ತಿಲ್ಲ."

"ಯಾರು, ಅತ್ತೇನಾ, ಮೆಷಿನ್ನಾ?"

"ಇಬ್ಬರೂ!"

ಕಥೆ ಕೇಳಿ, "ನಾನು ಹೋಗಿ ನೋಡ್ಲಾ?" ಎಂದಳು.

"ಯಜಮಾನ ನನ್ನನ್ನೇ ಬಿಡದ್ದು ನಿನ್ನ ಬಿಡುತ್ತಾ!"

ಅವಳು ಅಡುಗೆಮನೆಗೆ ಹೋಗಿ, ರಾಗಿ ಡಬ್ಬದ ಪಕ್ಕ ನಿಂತೇ ಒಂದು ಸಾಲು ಹೊಡೆದಳು. ಹುಳದ ಮನೆಯ ಮೆಷಿನ್ನು ಕಮಕ್ ಕಿಮಕ್ ಅನ್ನದೆ ಅವಳನ್ನು ಒಳಗೆ ಬಿಟ್ಟುಕೊಂಡಿತು! ಬಾಗಿಲಲ್ಲಿ ನಿಂತಿದ್ದ ಶಿವಕುಮಾರ ಬಾಯಿ ತೆರೆದವನು ಮುಚ್ಚಲಿಲ್ಲ. ಅವಳು ತನ್ನ ಮನೆಯಿಂದ ನೇರವಾಗಿ ಅವನ ಮನೆಗೆ ನಡೆದಳು. ಅದು ಹೇಗೂ ಊರಿಗೆಲ್ಲ ತೆರೆದೇ ಇತ್ತಲ್ಲ! ಎಂಬತ್ತೆರಡನ್ನು ಅಳಿಸಿದಳು, ಇಪ್ಪತ್ತೆಂಟು ಬರೆದಳು. ಅಂಗಳದ ಆಚೆ ಎರಡು ಫ್ಯಾನುಗಳು ಗುರ್ರ್ ಎಂದವು.

"ತಿರುಗ್ತು ಕಣವ್ವಾ!" ಎಂಬ ಕೂಗು ಕೇಳಿ ಇಬ್ಬರೂ ಓಡಿದರು, ಒಬ್ಬಳು ಜಾಲರಿಯವರೆಗೆ, ಒಬ್ಬ ಬೇವಿನ ಮರದವರೆಗೆ.

"ಎಷ್ಟಿದೆ ಅತ್ತೆ ಶಾಖ?"

ಹನುಮಂತಮ್ಮ ಕೆನ್ನೆ ಕೊಟ್ಟರು. "ಮುವ್ವತ್ತೆರಡು."

ಸುಚಿತ್ರಾ ತಾನು ಬರೆದುಕೊಂಡು ಬಂದಿದ್ದ ಚೀಟಿ ನೋಡಿದಳು. ಮೆಷಿನ್ನು ಹೇಳಿದ್ದೂ ಮೂವತ್ತೆರಡೇ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಅಲ್ಲ, ನಿನ್ನನ್ನ ಬಿಟ್ಟು ನನ್ನನ್ನ ಯಾಕೆ ಬಿಡಲಿಲ್ಲ?" ಶಿವಕುಮಾರನಿಗೆ ಅದೇ ಕೊರಗು. "ನಿನ್ನೆ ನಾನು ಮಾಡಿದ್ದೇನು? ನನ್ನ ಮನೇನ ಎಲ್ಲರಿಗೂ ತೆರೆದಿಟ್ಟೆ, ಅಷ್ಟೇ ತಾನೆ!"

ಒದ್ದೆ ಗೋಣಿಯ ಸಂದಿಯಿಂದ ತಾಯಿಯ ಮುಖ ಕಂಡಿತು. "ಒಳಕ್ ಬುಡೋರ ಪಟ್ಟಿ ಎಲ್ ಮಡಗಿದ್ದೆ ಅಂದೆ?"

"ಅದೇ ಮನೆಯೊಳಗೆ."

"ಕಂಡ್ ಕಂಡೋರ್ಗೆಲ್ಲ ಕದ ತಗ್ದಿಟ್ರೆ ಯಾವನ್ ಬೇಕಾದ್ರೂ ಬಂದು ಆ ಪಟ್ಟೀಲಿ ತನ್ ಹೆಸ್ರು ಗೀಚ್ಕಂಡ್ ಹೋಗ್ಬೋದಲ್ಲೋ. ಅದ್ರಾಗಿರೋದು ನಿನ್ ಹೆಸ್ರೇ ಅಂತ ಆ ಬಡಪಾಯಿ ಎಂಗ್ ನಂಬಬೇಕು? ನಾನಾಗಿದ್ರೂ ಬುಡ್ತಿರ್ಲಿಲ್ಲ."

ಶಿವಕುಮಾರ ಕೋಣೆಗೆ ಹೋಗಿ ಮೆಷಿನ್ನಿನ ಕೈಪಿಡಿ ತೆರೆದು ಓದಿದ. ಆ ಮೆಷಿನ್ನು ಮಾಡಿದ ಮಹಾನುಭಾವರು ಎಲ್ಲೋ ಸಮುದ್ರದಾಚೆ ಕೂತು ಅರ್ಧ ಪುಟದಲ್ಲಿ ಬರೆದದ್ದು ಅಕ್ಷರಕ್ಷರವೂ ಅದೇ. ಅವನು ಎರಡು ಸಲ ಓದಿದ. ಮೌಸನ್ನೇ ಮುಟ್ಟದ ತಾಯಿಗೆ ಇದು ಹೇಗೆ ಗೊತ್ತಾಯಿತೆಂದು ಬೆರಗಾಗಿ ಪುಸ್ತಕ ಮುಚ್ಚಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಮೇಲೆ ಮೆಲ್ಲಗೆ ಅಡುಗೆಮನೆಗೆ ಬಂದು, "ಸುಚೀ, ನೀನು ಒಳಗಿದ್ದೀಯಲ್ಲ, ಹಂಗೇ ನನ್ನ ಮನೆ ಕದ ಒಂದು ಹಾಕಿಬಿಡೇ" ಎಂದ.

ಅವಳು ಹಾಕಲು ಹೋದಳು. ಮೆಷಿನ್ನು ಒಪ್ಪಲಿಲ್ಲ. "ಯಜಮಾನರೇ ಬಂದು ಹಾಕಬೇಕಂತೆ ರೀ."

"ಯಜಮಾನನನ್ನ ಒಳಗೆ ಬಿಟ್ಟರೆ ತಾನೆ!"

"ಕದ ಹಾಕಿದರೆ ಬಿಡುತ್ತಂತೆ."

ಹುಳ ಹಣ್ಣಾಗಿ, ತಲೆ ಎತ್ತಿ ತೂಗಿ, ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿ ಏರಿ ಗೂಡು ಕಟ್ಟಿ ಮುಗಿಸುವವರೆಗೂ ಶಿವಕುಮಾರ ಎರಡೂ ಮನೆಯ ಆಚೆಯೇ ಉಳಿದ. ಅಷ್ಟೂ ದಿನ ಫ್ಯಾನಿನ ಉಸ್ತುವಾರಿ ಸುಚಿತ್ರಾಳದು. ಗೂಡು ಬಿಡಿಸಿದ ದಿನ ಅವನನ್ನು ಒಳಗೆ ಕರೆದರು. ಚಂದ್ರಿಕೆಗಳ ತುಂಬ ಬೆಳ್ಳಗೆ, ಗಟ್ಟಿಯಾಗಿ, ಒಂದೇ ಗಾತ್ರಕ್ಕೆ ಸಾವಿರಾರು ಗೂಡು! ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ಸುದ್ದಿ ಹಬ್ಬಿ, ಮಾರನೆಯ ವಾರ ಪಕ್ಕದ ಹಳ್ಳಿಯಿಂದ ಸರಸಮ್ಮ ಬಂದರು. ಅವರೂ ಹುಳ ಸಾಕುವವರು. "ಹನುಮಕ್ಕಾ, ನಮ್ ಹುಳೀನ್ ಮನೇಗೂ ಆ ಮಿಸಿನ್ನು ಮಾಡಿಸ್ಬೇಕು ಕಣಕ್ಕ" ಎಂದು ಜಗಲಿಯಲ್ಲಿ ಕೂತರು.

ಶಿವಕುಮಾರ ಒಳಗಿನಿಂದ ಕೇಳಿಸಿಕೊಂಡ. ಕನ್ನಡಿ ನೋಡಿ ತಲೆ ಬಾಚಿಕೊಂಡ. ಗಂಟಲು ಸರಿಮಾಡಿಕೊಂಡು ಹೊರಗೆ ಬಂದು, "ಅದೇನಂದ್ರೆ ಸರಸಮ್ಮ, ಮೊದಲು ಬೀಗ ಒಂದು, ಕೈ ಒಂದು…" ಎಂದು ಶುರುಮಾಡಿದ.

"ನಿನಗ್ಯಾಕಪ್ಪ ತೊಂದ್ರೆ? ನೀನು ಕೂತ್ಕ" ಎಂದರು ಸರಸಮ್ಮ. "ಸೊಸೆ ಬರೋ ಬಸ್ಸು ಎಷ್ಟೊತ್ಗೆ? ಆಯಮ್ಮನ್ನೇ ಕೇಳ್ಕಂಡ್ ಹೋಗಾನ ಅಂತ ಬಂದೆ."

ಶಿವಕುಮಾರ ತಾಯಿಯ ಕಡೆ ನೋಡಿದ. ಹೆತ್ತ ಕರುಳು, ಬಿಟ್ಟುಕೊಡಲಾರದು ಎಂಬ ಆಸೆ.

"ಇವನ್ನೂ ಕರ್ಕಂಡ್ ಹೋಗು ಸರಸಮ್ಮ" ಎಂದರು ಹನುಮಂತಮ್ಮ ತುಂಬು ವಾತ್ಸಲ್ಯದಿಂದ. "ವೈರ್ ಎಳೆಯೋದ್ರಲ್ಲಿ ನನ್ ಮಗನ್ನ ಮೀರ್ಸೋರಿಲ್ಲ. ಆಚೆಗಂಟ ಎಳುಸ್ಕ, ಒಳಕ್ಕೆ ಮಾತ್ರ ಬುಡ್ಬ್ಯಾಡ."

ಶಿವಕುಮಾರ ಗೋಡೆಗೆ ಒರಗಿಸಿದ್ದ ಏಣಿಯನ್ನು ಹೆಗಲಿಗೇರಿಸಿಕೊಂಡು ಕೇಳಿದ:

"ಎಷ್ಟು ಮಾರು ವೈರು ಬೇಕಾಗ್ತದೆ ಸರಸಮ್ಮಾ?"